ಮಸುಕಿನಲ್ಲಿ ಕೂತವಳು

ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಟೇಪಿಗೆ ಸುಳ್ಳು ಹೇಳಿ, ಆಮೇಲೆ ಕೋಟು ಬಿಗಿಯಾಯಿತೆಂದು ನನ್ನ ಮೇಲೆ ಹರಿಹಾಯುತ್ತಾರೆ. ಇಂಥ ನಾನೇ ಕನ್ನಡಕದಂಗಡಿಯಲ್ಲಿ ಕೂತು ಹಸಿ ಸುಳ್ಳು ಹೇಳಿದೆ.

ಕಾರಣ ಅಕ್ಕ. ಹೊಲಿಗೆಯಂಗಡಿ ನಮ್ಮಿಬ್ಬರದು. ಕತ್ತರಿ, ಮಿಷನ್ನು ನನ್ನ ಪಾಲು. ಗುಂಡಿ, ಕಾಜಾ, ಅಂಚಿನ ಕೈಹೊಲಿಗೆಯೆಲ್ಲ ಅವಳದು. ಕಿಟಕಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ದಾರವನ್ನು ಎಂದೂ ಕತ್ತರಿಸಿದವಳಲ್ಲ, ಹಲ್ಲಿನಿಂದ ಕಡಿಯುತ್ತಿದ್ದಳು. ‘ಇಲಿ’ ಎಂದು ರೇಗಿಸುತ್ತಿದ್ದೆ. ಕಳೆದ ವರ್ಷ ಅವಳು ತೀರಿಕೊಂಡಳು. ಸ್ವಲ್ಪ ದಿನಕ್ಕೆ ನನ್ನ ಕಣ್ಣು ಮಂಜಾಗತೊಡಗಿತು, ಆ ಮೂಲೆಯಲ್ಲಿ ಅಕ್ಕ ಕಾಣತೊಡಗಿದಳು. ಮುಖ ಕಾಣದು. ಬಾಗಿದ ಬೆನ್ನು, ಬೂದು ಶಾಲು, ಅಷ್ಟೇ.

ನನಗೇನೂ ತಲೆ ಕೆಟ್ಟಿರಲಿಲ್ಲ. ಕೋಟು ತೊಡಿಸಿ ನೋಡುವ ಬೊಂಬೆ ಆ ಮೂಲೆಯಲ್ಲೇ ಇರುತ್ತಿತ್ತು. ಅದನ್ನೇ ನನ್ನ ಹಾಳುಗಣ್ಣು ಅಕ್ಕ ಮಾಡಿಕೊಂಡಿದೆ ಎಂದು ಗೊತ್ತಿತ್ತು. ಆದರೂ ಹತ್ತಿರ ಹೋಗುತ್ತಿರಲಿಲ್ಲ. ಹೋದರೆ ಬೊಂಬೆಯಾಗಿಬಿಡುತ್ತಾಳಲ್ಲ! ಅವಳಿದ್ದಾಳೆ ಅಂದುಕೊಂಡರೆ ನನಗೆ ಕೆಲಸ ಸಾಗುತ್ತಿತ್ತು.

ಒಂದು ಕೋಟಿನ ತೋಳು ಗಿಡ್ಡವಾದ ದಿನ ಅಕ್ಕನ ಮಗಳು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡಳು. ಅಂಗಡಿಯಲ್ಲಿ ಈಗ ನಾವಿಬ್ಬರೇ.

“ಕನ್ನಡಕ ಬರೋ ತನಕ ಇದನ್ನ ಮುಟ್ಟಬೇಡ ಚಿಕ್ಕಮ್ಮ. ಕೈಹೊಲಿಗೆ ಮಾತ್ರ ಅದ್ಹೇಗೆ ಅಷ್ಟು ಚೆನ್ನಾಗಿ ಬರುತ್ತೋ!”

ಅಕ್ಕ ಹೋದಮೇಲೆ ಕೈಹೊಲಿಗೆ ಈ ಹುಡುಗಿಯದೇ ಅಲ್ಲವೇ. ತನ್ನ ಕೆಲಸ ತಾನೇ ಹೊಗಳಿಕೊಂಡು ನನ್ನನ್ನು ಚುಚ್ಚುತ್ತಿದ್ದಾಳೆ ಎಂದುಕೊಂಡು ಮುಖ ಊದಿಸಿಕೊಂಡೆ.

ಮೊದಲ ಕನ್ನಡಕದಂಗಡಿಯಲ್ಲಿ ಗಾಜು ಬದಲಿಸುತ್ತಾ “ಇದು ಚೆನ್ನಾಗಿ ಕಾಣುತ್ತಾ, ಇಲ್ಲ ಇದಾ?” ಎಂದು ಕೇಳಿದರು. ಯಾವುದರಲ್ಲಿ ಅಕ್ಷರ ಕಲಸಿಕೊಂಡಿತ್ತೋ ಅದನ್ನೇ ಚೆಂದ ಅಂದೆ. ಎರಡನೆಯ ಕಡೆಯೂ ಅದೇ ಆಟ. ಎರಡು ಚೀಟಿಯ ನಂಬರಿಗೂ ತಾಳಮೇಳವಿಲ್ಲ. ಅಕ್ಕನ ಮಗಳು ಬಿಡದೆ ಮೂರನೆಯವನ ಹತ್ತಿರ ಎಳೆದುಕೊಂಡು ಹೋದಳು. ಅವನು ನಾನು ಹೊಲಿದ ಕೋಟನ್ನೇ ತೊಟ್ಟಿದ್ದ.

ಎರಡೂ ಚೀಟಿ ನೋಡಿ ನಕ್ಕ. “ಅಮ್ಮಾ, ನನ್ನ ಅಳತೆ ತಗೊಳ್ಳುವಾಗ ನೀವು ಏನಂತ ಬೈದಿದ್ರಿ?”

“ಉಸಿರು ಬಿಡಯ್ಯಾ, ಕಳ್ಳಾಟ ಆಡಬೇಡ ಅಂದಿದ್ದೆ.”

“ಈಗ ನೀವು ಬಿಡಿ.”

ಸಿಕ್ಕಿಬಿದ್ದೆ. ನಾಚಿಕೆಗೆ ನಿಜ ಹೇಳತೊಡಗಿದೆ. ಒಂದೊಂದೇ ಗಾಜಿಗೆ ಅಕ್ಷರಗಳು ಗಟ್ಟಿಯಾಗಿ ನಿಂತವು. ನನಗೆ ಅಳು ಬಂತು. ಅಕ್ಕನನ್ನು ನಾನೇ ಕೈಯಾರೆ ಕಳಿಸಿಕೊಡುತ್ತಿದ್ದೇನೆ ಅನ್ನಿಸಿತು.

ಕನ್ನಡಕ ಕೈಗೆ ಬಂದ ಬೆಳಿಗ್ಗೆ ಬೀದಿಯ ನೆಲವೇ ಮೇಲೆದ್ದು ಬಂದಂತಿತ್ತು. ಮೆಟ್ಟಿಲು ಎಲ್ಲಿ ಮುಗಿಯುತ್ತದೋ ತಿಳಿಯದೆ ಗೋಡೆ ಹಿಡಿದೆ. “ತೆಗೀಬೇಡಿ, ನಾಲ್ಕು ದಿನಕ್ಕೆ ಕಣ್ಣು ಹೊಂದಿಕೊಳ್ಳುತ್ತೆ” ಎಂದು ಕನ್ನಡಕದವನು ಹೇಳಿದ್ದ. ಅಂಗಡಿಗೆ ಬಂದು, ಎದೆ ಗಟ್ಟಿಮಾಡಿಕೊಂಡು ಮೂಲೆಯತ್ತ ನೋಡಿದೆ.

ಬರೀ ಕುರ್ಚಿ. ಅಕ್ಕನಿಲ್ಲ. ಬೊಂಬೆಯೂ ಇಲ್ಲ.

“ಬೊಂಬೆ ಎಲ್ಲೇ?”

“ಅಟ್ಟದ ಮೇಲೆ. ಅಮ್ಮ ತೀರಿಕೊಂಡ ವಾರವೇ ಎತ್ತಿಟ್ಟೆನಲ್ಲ. ಅದನ್ನ ಆ ಮೂಲೆಯಲ್ಲಿ ನೋಡೋಕೆ ನನಗಾಗ್ತಿರಲಿಲ್ಲ.”

ಏನಾದರೂ ಮಾತಾಡಬೇಕಿತ್ತು. ಗೂಟಕ್ಕೆ ತೂಗುಹಾಕಿದ್ದ ಕೋಟು ಹಿಡಿದು, “ಗುಂಡಿ ಚೆನ್ನಾಗಿ ಹಾಕಿದೀಯ” ಅಂದೆ.

“ನಾನಾ? ಗುಂಡಿ, ಕಾಜಾ ಎಲ್ಲ ನೀನೇ ತಾನೇ ಮಾಡೋದು?”

ವರ್ಷವಿಡೀ ಅವಳು ಮಾಡುತ್ತಾಳೆಂದು ನಾನು, ನಾನು ಮಾಡುತ್ತೇನೆಂದು ಅವಳು, ಕೋಟುಗಳನ್ನು ಆ ಗೂಟಕ್ಕೆ ಹಾಕಿ ಹೋಗುತ್ತಿದ್ದೆವು.

ಕುರ್ಚಿಯ ಕೆಳಗೆ ಸಣ್ಣ ಸಣ್ಣ ದಾರದ ತುಂಡುಗಳು ಬಿದ್ದಿದ್ದವು. ನಿನ್ನೆ ಗೂಟಕ್ಕೆ ಹಾಕಿದ್ದ ಕೋಟಿನ ಬಣ್ಣವೇ.

“ಈಗ ತಾನೇ ಗುಡಿಸಿದ್ದೆ ಚಿಕ್ಕಮ್ಮ” ಅಂದಳು.

ಒಂದನ್ನು ಎತ್ತಿಕೊಂಡೆ. ಕತ್ತರಿ ತಾಗಿದ ತುದಿಯಲ್ಲ. ಹಲ್ಲಿನಿಂದ ಕಡಿದದ್ದು. ಇನ್ನೂ ಒದ್ದೆಯಾಗಿತ್ತು.

ಕನ್ನಡಕ ಕಿತ್ತು ಮೇಜಿನ ಮೇಲಿಟ್ಟೆ. “ಅಕ್ಕಾ” ಎಂದು ಕರೆದೆ. ಮೂಲೆಯಲ್ಲಿ ಗೋಡೆ ಕಿಟಕಿ ಕಲಸಿದ ಮಸುಕು ಬಿಟ್ಟರೆ ಯಾರೂ ಇಲ್ಲ. ನನಗೆ ಕಣ್ಣು ಕಾಣುವುದಿಲ್ಲವೆಂದೇ ಅವಳು ಅಲ್ಲಿ ಕೂತು ಹೊಲಿಯುತ್ತಿದ್ದಳು. ಈಗ ಕನ್ನಡಕ ಬಂದಿದೆ, ಎದ್ದು ಹೋಗಿದ್ದಾಳೆ.

ಗುಂಡಿ ಹಾಕಬೇಕಾದ ಇನ್ನೊಂದು ಕೋಟು ಉಳಿದಿತ್ತು. ಕನ್ನಡಕ ಹಾಕಿ ಅವಳ ಕುರ್ಚಿಯಲ್ಲೇ ಕೂತು ಸೂಜಿ ಹಿಡಿದೆ. ದಾರ ಒಂದೇ ಸಲಕ್ಕೆ ಹೋಯಿತು. ಎಳೆದು ತೆಗೆದೆ. ಈ ಸಲವಾದರೂ ತಪ್ಪಲಿ ಎಂದು ಕಣ್ಣು ಮುಚ್ಚಿಕೊಂಡು ಮತ್ತೆ ಪೋಣಿಸಲು ನೋಡಿದೆ.