ಉತ್ತರ ರೊಡೇಷಿಯಾ

ಲೈಬ್ರರಿಯ ಪುಸ್ತಕಪಟ್ಟಿಯಲ್ಲಿ ಝಡ್ ಅಕ್ಷರದ ಡ್ರಾಯರಿನಲ್ಲಿದ್ದದ್ದು ಹನ್ನೊಂದೇ ಕಾರ್ಡು. ಗಿರಿಜಾಂಬಿಕಾ ಮೂರನೇ ಸಲ ತಿರುವಿದಳು. ಜಾಂಬಿಯಾ ಇರಲಿಲ್ಲ. ಗೋಡೆ ಗಡಿಯಾರ ನೋಡಿದಳು, ಹನ್ನೆರಡೂವರೆ. ತಿಪಟೂರಿನ ರೈಲು ಮೂರಕ್ಕೆ.

ಜಾಂಬಿಯಾಕ್ಕೆ ಮೇಷ್ಟರಾಗಿ ಎಪ್ಪತ್ತೆಂಟರಲ್ಲಿ ಹೋದ ಗಂಡ ಬಸವರಾಜು ನಾಲ್ಕು ವರ್ಷವಾದರೂ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಹೋದ ವಾರ ಬಂದದ್ದು ಅಲ್ಲಿನ ಕೋರ್ಟಿನ ವಿಚ್ಛೇದನದ ಕಾಗದ, ಜೊತೆಗೆ 'ಸಹಿ ಹಾಕಿ ಕಳಿಸು' ಎಂಬ ಅವನ ಒಂದು ಸಾಲು. ತಿಪಟೂರಿನ ವಕೀಲ ದೊಡ್ಡಣ್ಣ ಅದನ್ನು ಓದಿ, "ಆ ದೇಶದ ಕಾನೂನು ನಮ್ಗೆಲ್ಲಿ ಸಿಗ್ತದೆ? ನೀವು ಹಾಕುದ್ರೂ ಅಷ್ಟೇ, ಬುಟ್ರೂ ಅಷ್ಟೇ ಕಣಮ್ಮ" ಎಂದಿದ್ದರು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಹೊನ್ನವಳ್ಳಿಯ ಶಾಲೆಗೆ ರಜೆ ಹಾಕಿ, ಬೆಂಗಳೂರಿನ ಈ ಕಾನೂನು ಕಾಲೇಜಿನ ಲೈಬ್ರರಿಗೆ ಬಂದಿದ್ದಳು.

"ಯಾವ ದೇಶ ಬೇಕಿತ್ತಮ್ಮ?" ಲೈಬ್ರೇರಿಯನ್ ಲಿಂಗಣ್ಣ ಕೇಳಿದರು.

ಹೇಳಿದಳು. ಅವರು ಕನ್ನಡಕ ಹಣೆಗೇರಿಸಿದರು. "ಬ್ರಿಟಿಷರ ಕಾಲದಲ್ಲಿ ಅದಕ್ಕೆ ಬೇರೆ ಹೆಸರು. ನಾರ್ದರ್ನ್ ರೊಡೇಷಿಯಾ. ಸ್ವತಂತ್ರವಾದ ಮೇಲೂ ಹಳೇ ಕಾನೂನನ್ನೇ ಉಳಿಸ್ಕೊಂಡಿದ್ದಾರೆ. ಎನ್ ಡ್ರಾಯರ್ ಎಳೀರಿ."

ಕಾರ್ಡು ಸಿಕ್ಕಿತು. ಕೆಳಗಿನ ಕಪಾಟಿನಲ್ಲಿ ಪುಸ್ತಕವೂ ಸಿಕ್ಕಿತು. ಅದರಲ್ಲಿದ್ದದ್ದು ಇಷ್ಟೇ: ವಿಚ್ಛೇದನಕ್ಕೆ ಇಂಗ್ಲೆಂಡಿನಲ್ಲಿ ಆಗ ಜಾರಿಯಲ್ಲಿರುವ ಕಾನೂನೇ ಅನ್ವಯ. ಮತ್ತೆ ಎದ್ದಳು. ಇಂಗ್ಲೆಂಡಿನ ಎಪ್ಪತ್ತಮೂರರ ಕಾನೂನನ್ನು ಬೆರಳಿಟ್ಟು ಓದಿದಳು. ಎರಡು ವರ್ಷ ಬೇರೆಯಿದ್ದು, ಎದುರು ಪಕ್ಷ ಒಪ್ಪಿದರೆ ವಿಚ್ಛೇದನ. ಒಪ್ಪದಿದ್ದರೆ ಐದು ವರ್ಷ.

"ಒಪ್ಪೋದು ಅಂದ್ರೆ ಈ ಸಹೀನಾ?"

ಲಿಂಗಣ್ಣ ಅವಳ ಕಾಗದವನ್ನು ಪೂರ್ತಿ ಓದಿದರು. "ಹೌದಮ್ಮ. ಅವರು ಕೇಳಿರೋದು ಅದನ್ನೇ."

ಅವಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ರೈಲಿನಲ್ಲಿ ಸೀಟಿದ್ದರೂ ತುಮಕೂರಿನವರೆಗೆ ಬಾಗಿಲ ಬಳಿಯೇ ನಿಂತಿದ್ದಳು.

ಮನೆಯಲ್ಲಿ ಅತ್ತೆ ಚಿಕ್ಕಗೌರಮ್ಮ ಕಾಲು ತೊಳೆಯಲು ಬಿಟ್ಟರೇ ಹೊರತು ಕೂರಲು ಬಿಡಲಿಲ್ಲ. "ಸೈನ್ ಹಾಕ್ಬುಟ್ಟೇನೇ?"

"ಇಲ್ಲ ಅತ್ತೆ. ನನ್ ಸೈನ್ ಇಲ್ದಿದ್ರೆ ಇನ್ನೊಂದು ವರ್ಸ ಅವ್ರಿಗೆ ಬುಡುಗಡೆ ಇಲ್ವಂತೆ."

ಚಿಕ್ಕಗೌರಮ್ಮ ಕಾಲು ತೊಳೆದ ಚೊಂಬನ್ನು ಎತ್ತಿ ಮೂಲೆಗಿಟ್ಟರು. ಬಸವರಾಜು ಅವರ ಒಬ್ಬನೇ ಮಗ.

"ಹಂಗಾದ್ರೆ ಬಂದು ಕೇಳ್ಲಿ," ಎಂದರು. "ನಿನ್ ಎದ್ರುಗೆ ಕುಂತು ಕೇಳ್ಲಿ."

ಗಿರಿಜಾಂಬಿಕಾ ಅದನ್ನೇ ಗಂಡನಿಗೆ, ಅಲ್ಲಿನ ಕೋರ್ಟಿನವರಿಗೂ ಓದಲು ಬರುವಂತೆ ಇಂಗ್ಲಿಷಿನಲ್ಲಿ, ಎರಡು ಸಾಲು ಬರೆದು, ಏರ್‌ಮೇಲ್ ಕವರಿನ ಅಂಚನ್ನು ನಾಲಿಗೆಗೆ ತಾಗಿಸಿ ಅಂಟಿಸಿದಳು. ಅಂಟು ಸರಿಯಾಗಿ ಹಿಡಿಯಲಿಲ್ಲ. ಅತ್ತೆ ಕವರನ್ನು ಇಸಿದುಕೊಂಡು ತೊಡೆಯ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದು ಕೂತರು.