ಮೌನೇಶನ ಗರುಡ

ಮೌನೇಶನಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಮನುಷ್ಯರ ಮೇಲಲ್ಲ. ಹಾಗಾಗಿದ್ದರೆ ಚಹಾ ಕುಡಿಯುತ್ತ ಯಾರ ಹತ್ತಿರವಾದರೂ ಆಡಿಕೊಂಡು ಹಗುರಾಗಬಹುದಿತ್ತು. ಅವನಿಗೆ ಕಿಚ್ಚು ಹತ್ತಿದ್ದು ಡಬ್ಲ್ಯೂಗೆಟ್ ಎಂಬ ಹಳೆಯ ಕಂಪ್ಯೂಟರ್ ಪ್ರೋಗ್ರಾಂ ಮೇಲೆ. ಕಪ್ಪು ಪರದೆಯಲ್ಲಿ ಅದರ ಹೆಸರು, ಮುಂದೊಂದು ವೆಬ್ ವಿಳಾಸ ಟೈಪ್ ಮಾಡಿದರೆ ಅಲ್ಲಿರುವ ಫೈಲನ್ನು ಇಳಿಸಿ ತರುತ್ತದೆ, ಅಷ್ಟೇ. ಬಣ್ಣವಿಲ್ಲ, ಬೆಡಗಿಲ್ಲ.

ಅದು ೨೦೦೬. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವನ ಆಫೀಸು. ನಲವತ್ತು ಮಾರುಕಟ್ಟೆಗಳ ಧಾರಣೆಯನ್ನು ವೆಬ್‌ಸೈಟುಗಳಿಂದ ಇಳಿಸಿಕೊಂಡು ವ್ಯಾಪಾರಿಗಳ ಮೊಬೈಲಿಗೆ ಕಳುಹಿಸುವುದು ಅಲ್ಲಿಯ ಕೆಲಸ. ಭಾನುವಾರ ಬಿಟ್ಟು ದಿನಾ ಬೆಳಗ್ಗೆ ಆರಕ್ಕೆ ಸರ್ವರು ತಾನಾಗಿಯೇ ಡಬ್ಲ್ಯೂಗೆಟ್ಟನ್ನು ಎಬ್ಬಿಸುತ್ತಿತ್ತು. ಹಾಗೆ ಏರ್ಪಾಡು ಮಾಡಿದವರು ಆಫೀಸಿಗೆಲ್ಲ ಹಿರಿಯರಾದ ಸಂಜೀವಯ್ಯ.

ಮೌನೇಶ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಎಂಟು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಅದೇ ಕೆಲಸಕ್ಕೆ 'ಗರುಡ' ಎಂಬ ತನ್ನದೇ ಪ್ರೋಗ್ರಾಂ ಬರೆದಿದ್ದ. ಗರುಡ ಒಂದು ಫೈಲನ್ನು ಎಂಟು ತುಂಡು ಮಾಡಿ ಒಟ್ಟಿಗೇ ಎಳೆಯುತ್ತಿತ್ತು. ಎಷ್ಟು ಬಂತು, ಎಷ್ಟು ಬಾಕಿ ಎಂದು ಬಣ್ಣದ ಪಟ್ಟಿಯಲ್ಲಿ ತೋರಿಸುತ್ತಿತ್ತು. ಮಾಲೀಕ ಪ್ರಮೋದ್ ನೋಡಿ, "ಸಖತ್ತಾಗಿದೆ ಗುರು! ಮೊದ್ಲು ನಮ್ಮೋರು ಬಳಸ್ಲಿ, ಆಮೇಲೆ ಹೊರಗೂ ಕೊಡೋಣ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಎಲ್ಲರೂ ಮತ್ತೆ ಡಬ್ಲ್ಯೂಗೆಟ್ಟನ್ನೇ ಟೈಪ್ ಮಾಡಿದರು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಮೌನೇಶ ತಡೆಯಲಾರದೆ ಪಕ್ಕದ ಮೇಜಿನ ಶಾಲಿನಿಯನ್ನು ಕೇಳಿದ. "ಯಾಕ ಶಾಲಿನಿ, ನಂದು ಛಲೋ ಇಲ್ಲೇನು?"

"ಚೆನ್ನಾಗಿದೆ ಮೌನೇಶ್, ಯಾರು ಇಲ್ಲ ಅಂದ್ರು? ಆದ್ರೆ ಯಾವ ಮಷೀನ್ ಮುಂದೆ ಕೂತ್ರೂ ಅದು ಇರತ್ತೆ. ಕೈ ತಾನೇ ಟೈಪ್ ಮಾಡ್ಬಿಡತ್ತೆ."

ಬೈದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಶನಿವಾರ ಎಲ್ಲರೂ ಊಟಕ್ಕೆ ಹೋದಾಗ ಸರ್ವರಿನಿಂದ ಡಬ್ಲ್ಯೂಗೆಟ್ಟನ್ನು ಅಳಿಸಿ, ಅದರ ಹೆಸರನ್ನು ಗರುಡಕ್ಕೆ ಇಟ್ಟ. ಹಳೆಯ ಹೆಸರಿನಲ್ಲಾದರೂ ಸರಿ, ಇನ್ನು ಇವರು ಬಳಸುವುದು ನನ್ನದನ್ನೇ ಎಂದುಕೊಂಡು, ಎಂದೂ ಇಲ್ಲದ ನೆಮ್ಮದಿಯಿಂದ ಮನೆಗೆ ಹೋದ.

ಸೋಮವಾರ ಅವನು ಬರುವಷ್ಟರಲ್ಲಿ ಆಫೀಸಿನ ಫೋನುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಒಂದು ಮಾರುಕಟ್ಟೆಯ ಧಾರಣೆಯೂ ಹೋಗಿರಲಿಲ್ಲ. ಗರುಡ ಪ್ರತಿ ಫೈಲಿಗೂ ಮೊದಲು 'ಇಳಿಸಲೇ?' ಎಂದು ಕೇಳುವಂತೆ ಮೌನೇಶ ಬಹಳ ಪ್ರೀತಿಯಿಂದ ಬರೆದಿದ್ದ. ಆರು ಗಂಟೆಗೆ ಗರುಡ ಕೇಳಿತು. ಹ್ಞೂಂ ಎನ್ನಲು ಆ ಹೊತ್ತಿನಲ್ಲಿ ಆಫೀಸಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಅದು ಮರ್ಯಾದೆಯಿಂದ ಕಾಯುತ್ತ ಕೂತಿತ್ತು.

ಸಂಜೀವಯ್ಯ ಇನ್ನೊಂದು ಮಷೀನಿನಿಂದ ಹಳೆಯದನ್ನು ತಂದು ಕೂರಿಸಿದರು. ಹತ್ತು ನಿಮಿಷದಲ್ಲಿ ಧಾರಣೆ ಹೋಯಿತು. ಯಾರ ಕೆಲಸವೆಂದು ಅವರಿಗೆ ತಿಳಿಯದೇ ಇರಲಿಲ್ಲ. ಆದರೂ ಪ್ರಮೋದನ ಮುಂದೆ ತುಟಿ ಬಿಚ್ಚಲಿಲ್ಲ.

ಸಂಜೆ ಅವರು ಮೇಜಿನ ಬಳಿ ಬಂದಾಗ ಮೌನೇಶ ಬೈಗುಳಕ್ಕೆ ತಲೆ ತಗ್ಗಿಸಿದ.

"ನಿನ್ ಗರುಡ ಚೆನ್ನಾಗಿದೆ ಕಣಯ್ಯಾ. ದೊಡ್ಡ ಫೈಲ್ ಇದ್ದಾಗ ಬೇಕಾಗತ್ತೆ. ನನ್ ಮಷೀನ್‌ಗೆ ಹಾಕ್ಕೊಡು."

ತಾನಾಗಿ ಬಂದು ಗರುಡವನ್ನು ಕೇಳಿದ ಮೊದಲ ಮನುಷ್ಯ! ಮೌನೇಶನ ಕಣ್ಣು ತುಂಬಿ ಬಂತು. ಓಡಿಹೋಗಿ ಅವರ ಕುರ್ಚಿಯಲ್ಲಿ ಕೂತು, ಗರುಡವನ್ನು ಹಾಕಿಕೊಳ್ಳುವುದು ಹೇಗೆಂದು ತಾನೇ ಬರೆದಿಟ್ಟಿದ್ದ ಟಿಪ್ಪಣಿಯನ್ನು ತೆರೆದ. ಮೊದಲ ಸಾಲು ಓದಿ ಕೈ ನಿಂತಿತು. 'ಡಬ್ಲ್ಯೂಗೆಟ್ ಬಳಸಿ ಗರುಡವನ್ನು ಇಳಿಸಿಕೊಳ್ಳಿ.' ಬರೆಯುವಾಗ ಅದು ಅವನ ಗಮನಕ್ಕೇ ಬಂದಿರಲಿಲ್ಲ.

"ಯಾಕೋ, ಏನಾಯ್ತು?"

"ಏನಿಲ್ರಿ ಸರ" ಎಂದ ಮೌನೇಶ, ಹಲ್ಲು ಕಚ್ಚಿಕೊಂಡು ಆ ಹೆಸರನ್ನು ಟೈಪ್ ಮಾಡಿದ. ಡಬ್ಲ್ಯೂಗೆಟ್ ಏನನ್ನೂ ಕೇಳದೆ, ಗರುಡವನ್ನು ತಂದು ಅವನ ಮುಂದಿಟ್ಟಿತು.