ಹಲ್ಲಿಗೆ ಎರಡು ವರ್ಷ

ಮಿಡತೆಯೆಂಬ ಹುಡುಗಿಯನ್ನು ಕರೆತಂದ ದಿನ ಮಕ್ಕಳ ಕಲ್ಯಾಣ ಕಚೇರಿಯ ಮೇಡಂ ಹೇಳಿದ್ದು, “ಮೂರು ತಿಂಗಳು, ಅಷ್ಟೇ” ಎಂದು. ಹುಡುಗಿಯ ತಾಯಿ ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ್ದಳು. ಅವಳು ಚೇತರಿಸಿಕೊಂಡು ಮಗಳನ್ನು ಕರೆದೊಯ್ಯುವ ತನಕ ತಾತ್ಕಾಲಿಕ ಪಾಲನೆ. ಆ ಮೂರು ತಿಂಗಳು ಬೆನ್ನಿಗೆ ಇನ್ನೊಂದು ಮೂರು ತಿಂಗಳನ್ನು ಕಟ್ಟಿಕೊಂಡೇ ಬಂತು. ಎಂಟು ವರ್ಷದವಳಾಗಿ ಬಂದ ಹುಡುಗಿಗೆ ಹನ್ನೊಂದು ತುಂಬಿತು. ಕೂತಲ್ಲಿ ಕೂರದವಳೆಂದು ಮಿಡತೆ ಎಂಬ ಹೆಸರಿಟ್ಟಿದ್ದು ಅವಳನ್ನು ಸಾಕುವವಳೇ. ಅವಳು ಊರೊಳಗೆ ಬಸ್ಸು ಓಡಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಡ್ರೈವರಮ್ಮ. ಹುಡುಗಿಯ ತಾಯಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಹಾಗಾಗಿ ಹುಡುಗಿಗೆ ದೊಡ್ಡಮ್ಮ.

ಮಿಡತೆಯ ಮೇಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಒಮ್ಮೆ ತನ್ನ ವಾರದ ರಜೆಯ ದಿನ ಡ್ರೈವರಮ್ಮ ಅವಳನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

“ಕ್ಲಿಪ್ ಹಾಕಬಹುದು. ಎರಡು ವರ್ಷ ಬೇಕು, ತಿಂಗಳಿಗೊಮ್ಮೆ ಬಂದು ಬಿಗಿ ಮಾಡಿಸ್ಕೋಬೇಕು,” ಎಂದರು ಡಾಕ್ಟರು. “ಹುಡುಗಿ ಅಲ್ಲಿ ತನಕ ಇಲ್ಲೇ ಇರ್ತಾಳಾ?”

ಬಸ್ಸು ಎಷ್ಟೊತ್ತಿಗೆ ತಲುಪುತ್ತದೆಂದು ಕೇಳಿದರೆ ಡ್ರೈವರಮ್ಮ ಥಟ್ಟನೆ ಹೇಳಬಲ್ಲಳು. ಇದಕ್ಕೆ ತಲೆಯಾಡಿಸಿದಳು. “ಗೊತ್ತಿಲ್ಲ ಡಾಕ್ಟ್ರೇ.”

“ಹಾಗಾದ್ರೆ ಶುರು ಮಾಡೋದು ಬೇಡ. ಅರ್ಧಕ್ಕೆ ಬಿಟ್ರೆ ಈಗಿರೋದಕ್ಕಿಂತ ಕೆಡುತ್ತೆ.”

ಮಿಡತೆ ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡಳು. ಮನೆಯ ಬಾಗಿಲ ಬಳಿ, “ಬಿಡಿ ದೊಡ್ಡಮ್ಮ, ನನಗೇನು ಅಗಿಯೋಕೆ ಬರಲ್ವಾ?” ಎಂದಳು.

ಮೇಡಂಗೆ ಫೋನು ಮಾಡಿದರೆ ಉತ್ತರ ಹಳೆಯದೇ: “ಎರಡು ವರ್ಷದ ಮಾತು ನಾನು ಹೇಗೆ ಕೊಡ್ಲಿ? ಹುಡುಗಿ ಎಲ್ಲಿರ್ಬೇಕು ಅನ್ನೋದರ ಮುಂದಿನ ವಿಚಾರಣೆ ಆಗ್ಲಿ. ಮತ್ತೆ, ಇಂಥದ್ದಕ್ಕೆ ತಾಯಿ ಒಪ್ಪಿಗೆ ಬೇಕೇ ಬೇಕು.”

ತಾಯಿ ಮಗಳನ್ನು ನೋಡಲು ಬರುತ್ತಿದ್ದುದು ಕಚೇರಿಯ ಹಿಂದಿನ ಕೋಣೆಗೆ. ಅಲ್ಲಿ ಮಕ್ಕಳ ಅಳತೆಯ ಕುರ್ಚಿಗಳು. ದೊಡ್ಡವರು ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಈಗ ಅವಳು ಕುಡಿತ ಬಿಟ್ಟಿದ್ದಳು. ಒಂದು ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು, ಬಾಡಿಗೆ ಕೋಣೆ ಹುಡುಕುತ್ತಿದ್ದಳು. ಮುಂದಿನ ಭೇಟಿಯ ದಿನ ಡ್ರೈವರಮ್ಮ ಹಿಂದೆಮುಂದೆ ನೋಡದೆ, “ಇವಳಿಗೆ ಕ್ಲಿಪ್ ಹಾಕಿಸೋಣ ಕಣಮ್ಮ, ಎರಡು ವರ್ಷ ಆಗುತ್ತಂತೆ,” ಎಂದುಬಿಟ್ಟಳು.

ತಾಯಿಯ ಮುಖ ಕಪ್ಪಿಟ್ಟಿತು. “ಎರಡು ವರ್ಷ! ಹಾಗಾದ್ರೆ ನಾನು ಕೋಣೆ ಯಾಕೆ ಹುಡುಕ್ಲಿ, ಹೇಳಿ ಅಕ್ಕ?”

“ಅಯ್ಯೋ, ನಾನು ಹಾಗಂದ್ನಾ?”

“ಇವತ್ತು ನಾನು ಹೂಂ ಅಂದ್ರೆ ನಾಳೆ ವಿಚಾರಣೇಲಿ ಅದನ್ನೇ ಹಿಡ್ಕೋತಾರೆ. ತಾಯೀನೇ ಎರಡು ವರ್ಷ ಮಗಳು ಬೇಡ ಅಂದ್ಲು ಅಂತಾರೆ. ನಿಮಗೇನು, ನಿಮ್ಮ ಮನೇಲೇ ಇದ್ದಾಳೆ.”

ಮಿಡತೆ ಕಿಟಕಿಯ ಕಡೆ ತಿರುಗಿ ನಿಂತಳು. ಡ್ರೈವರಮ್ಮನಿಗೂ ರೇಗಿತು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹುಡುಗಿಯ ಬೆನ್ನು ಕಣ್ಣಿಗೆ ಬಿತ್ತು. ತಾನು ಎಷ್ಟು ದಿನಕ್ಕೆ ಮಾತು ಕೊಡಬಲ್ಲೆ, ಯಾವುದಕ್ಕೆ? ಹುಡುಗಿ ಎಲ್ಲಿರುತ್ತಾಳೆಂಬುದು ತನ್ನ ಕೈಯಲ್ಲಿರಲಿಲ್ಲ. ಆದರೆ ಡಾಕ್ಟರು ಕೇಳಿದ್ದಕ್ಕೆ ಹುಡುಗಿ ತನ್ನ ಮನೆಯಲ್ಲೇ ಇರಬೇಕಿರಲಿಲ್ಲ. ತಿಂಗಳಿಗೊಮ್ಮೆ ಕರೆತರುವವರು ಬೇಕಿತ್ತು.

“ನೋಡು ತಂಗಿ,” ಎಂದಳು. “ಎರಡು ವರ್ಷ ಹಲ್ಲಿಗೆ. ಇವಳಿಗಲ್ಲ. ನಾಳೆನೇ ಕರ್ಕೊಂಡು ಹೋಗು. ತಿಂಗಳಿಗೊಂದು ದಿನ ನಿನ್ನ ಬಾಗಿಲಿಗೆ ಬಂದು ಇವಳನ್ನ ಡಾಕ್ಟರ ಹತ್ರ ನಾನು ಕರ್ಕೊಂಡು ಹೋಗ್ತೀನಿ, ಮತ್ತೆ ತಂದು ಬಿಡ್ತೀನಿ. ಅದನ್ನ ಮೇಡಂ ಎದುರಿಗೇ ಹೇಳ್ತೀನಿ.”

“ದೂರ ಎಲ್ಲೋ ಕೋಣೆ ಸಿಕ್ರೆ?”

“ಬಸ್ಸು ಓಡಿಸೋಳ ಹತ್ರ ದೂರದ ಮಾತಾ!”

ತಾಯಿಗೆ ನಗು ಬಂತೋ ಅಳು ಬಂತೋ, ಸೆರಗು ಮುಖಕ್ಕೆ ಹೋಯಿತು. ಆಮೇಲೆ ಮಗಳನ್ನು ಹತ್ತಿರ ಕರೆದು, “ಎಲ್ಲಿ, ಬಾಯಿ ತೆಗಿ,” ಎಂದಳು. ಬೆಳಕಿನ ಕಡೆ ಗಲ್ಲ ತಿರುಗಿಸಿ ಒಂದೊಂದೇ ಹಲ್ಲು ನೋಡಿದಳು. “ನನ್ನ ಹಲ್ಲೇ ಬಂದಿದೆ ಪಾಪಿಗೆ. ಹಾಕ್ಸಿ ಅಕ್ಕ.”

ಮೇಡಂ ಮುಂದೆ ಡ್ರೈವರಮ್ಮ ಆಡಿದ ಮಾತನ್ನೇ ಮತ್ತೆ ಆಡಿದಳು. ಹಿಂತಿರುಗುವಾಗ ಮಿಡತೆ ಕೇಳಿದಳು: “ಹಾಗಾದ್ರೆ ನಾನು ನಿಮ್ಮನೇಲಿ ಇನ್ನೆಷ್ಟು ದಿನ?”

“ಅದು ನನಗೂ ಗೊತ್ತಿಲ್ಲ ಕಣೇ. ಗೊತ್ತು ಅಂತ ಸುಳ್ಳು ಹೇಳಲ್ಲ.”

“ಡಾಕ್ಟರ ದಿನ ನಿಮಗೆ ಡ್ಯೂಟಿ ಇದ್ರೆ?”

“ರಜ ಹಾಕ್ತೀನಿ. ಡಿಪೋದವರು ಬೈದ್ರೆ ಬೈಸ್ಕೋತೀನಿ.”

ಕ್ಲಿಪ್ ಹಾಕುವ ದಿನ ತಾಯಿಗೆ ಬೇಕರಿಯಿಂದ ಬಿಡುವು ಸಿಗಲಿಲ್ಲ. ಡಾಕ್ಟರು ಕ್ಲಿಪ್ಪಿಗೆ ಸುತ್ತಿ ಪ್ರತಿ ತಿಂಗಳು ಬದಲಿಸುವ ಬಣ್ಣ ಬಣ್ಣದ ಪುಟ್ಟ ರಬ್ಬರುಗಳ ತಟ್ಟೆ ಹಿಡಿದು, ಯಾವುದು ಬೇಕೆಂದು ಕೇಳಿದರು. ಮಿಡತೆ ಬಗ್ಗಿ ನೋಡಿದ್ದೇ ನೋಡಿದ್ದು.

“ಈ ಸಲ ನೀಲಿ. ಮುಂದಿನ ತಿಂಗಳು ಹಸಿರು. ಅದರ ಮುಂದಿಂದು ಅಮ್ಮನ್ನ ಕೇಳಿ ಹೇಳ್ತೀನಿ. ಆಮೇಲೆ ದೊಡ್ಡಮ್ಮಂದು…”

“ಸದ್ಯ ಇವತ್ತಿಂದು ಹಾಕೋಣ ಮಾರಾಯ್ತಿ, ಬಾಯಿ ತೆಗಿ,” ಎಂದರು ಡಾಕ್ಟರು.